ನಾಯಿ ಶೋ ಮಾಡ್ತಿದ್ದ ಪಾಲ್ ಓಗ್ರೇಡಿನೇ ಲಿಲಿ ಸ್ಯಾವೇಜಾ? ಗೊತ್ತಿರೋರು ಸ್ವಲ್ಪ ಹೇಳಿ

ಹಾಸನದ_ಹುಡುಗಿ:

ಎಲ್ರಿಗೂ ನಮಸ್ಕಾರ. ನಾನು ಇಂಗ್ಲೆಂಡ್‌ನ ಕೆಂಟ್ ಕಡೆ ಒಂದು ಕೇರ್ ಹೋಮ್‌ನಲ್ಲಿ ಕೆಲ್ಸ ಮಾಡ್ತೀನಿ, ಬಂದು ಎರಡು ವರ್ಷ ಆಗ್ತಾ ಬಂತು. ನಮ್ಮಲ್ಲಿ ಒಬ್ರು ಅಜ್ಜಿ ಇದಾರೆ, ಲಿವರ್‌ಪೂಲ್ ಕಡೆಯವ್ರು, ಸಂಜೆ ಟೀ ಕೊಡೋ ಹೊತ್ತಿಗೆ ದಿನಾ ಆ ಬ್ಯಾಟರ್ಸೀ ಅನ್ನೋ ಅನಾಥ ನಾಯಿಗಳ ಆಶ್ರಯದ ಶೋನೇ ಹಾಕು ಅಂತಾರೆ, ಅದೇ ಪಾಲ್ ಓಗ್ರೇಡಿ ಮಾಡ್ತಿದ್ರಲ್ಲ ಅದು. ಮೊನ್ನೆ ಅದ್ರಲ್ಲಿ ಅವ್ರು ಒಂದು ಮುದಿ ನಾಯಿನ ತೊಡೆ ಮೇಲೆ ಹಾಕ್ಕೊಂಡು ಕಿವಿ ಸವರ್ತಾ ಮಾತಾಡಿಸ್ತಾ ಇದ್ರು, ಅಜ್ಜಿ ಕಣ್ಣು ಒರೆಸ್ಕೊಂಡು "ನಮ್ಮ ಲಿಲಿ" ಅಂದ್ರು. ನಾನು ನಾಯಿ ಹೆಸ್ರು ಲಿಲಿ ಇರ್ಬೇಕು ಅಂದ್ಕೊಂಡೆ, ಅಲ್ವಂತೆ, ಆ ಮನುಷ್ಯನೇ ಲಿಲಿ ಅಂತೆ.

ಮನೆಗೆ ಬಂದು ಯೂಟ್ಯೂಬ್‌ನಲ್ಲಿ ಹುಡುಕಿದ್ರೆ ದೊಡ್ಡ ಹೊಂಬಣ್ಣದ ವಿಗ್ಗು, ಚಿರತೆ ಚುಕ್ಕೆ ಬಟ್ಟೆ, ಕೈಯಲ್ಲಿ ಸಿಗರೇಟು, ಬಾಯಿ ಬಿಟ್ರೆ ಬೈಗುಳ. ಆ ಉಚ್ಚಾರಣೆ ನಂಗೆ ಅರ್ಧನೂ ಅರ್ಥ ಆಗ್ಲಿಲ್ಲ ಆದ್ರೂ ನಗು ಬಂತು. ಇವ್ರೇ ಅವ್ರು ಅಂತ ನಂಬೋಕೇ ಆಗ್ತಿಲ್ಲ. ಒಬ್ರು ಇನ್ನೊಬ್ರು ಆಗಿದ್ದು ಹೇಗೆ? ಇನ್ನೊಂದು ಮಾತು, ನಮ್ಮ ಕಡೆ ಟಿವಿ ಕಾಮಿಡಿಗಳಲ್ಲಿ ಗಂಡಸ್ರು ಸೀರೆ ಉಟ್ಕೊಂಡು ಬಂದಾಗ ನಂಗೆ ಯಾಕೋ ಮನಸ್ಸಿಗೆ ಹಿತ ಅನ್ಸಲ್ಲ, ಹೆಣ್ಮಕ್ಕಳನ್ನ ಆಡ್ಕೊಂಡ ಹಾಗೆ ಇರುತ್ತೆ. ಇಲ್ಲಿ ಹಂಗೆ ಅನ್ಸಲಿಲ್ಲ, ಅದು ಯಾಕೆ ಅಂತ್ಲೂ ಯಾರಾದ್ರೂ ಹೇಳ್ತೀರಾ?

ವಾಕ್ಸಾಲ್_ವಾಸಿ:

ತಂಗಿ, ನಾನು ಲಂಡನ್‌ಗೆ ಬಂದು ಇಪ್ಪತ್ತು ವರ್ಷದ ಮೇಲಾಯ್ತು, ಆ ಮನುಷ್ಯನ್ನ ಟಿವಿಲಿ ನೋಡಿ ರೇಡಿಯೋಲಿ ಕೇಳಿ ಬೆಳೆದ ಹಾಗೆ ಲೆಕ್ಕ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ.

ಹೌದು, ಇಬ್ರೂ ಒಬ್ರೇ, ಲಿಲಿ ಸ್ಯಾವೇಜ್ ಅನ್ನೋದು ಅವ್ರು ಸ್ಟೇಜ್ ಮೇಲೆ ಹಾಕ್ತಿದ್ದ ಹೆಣ್ಣುವೇಷ. ಪಾಲ್ ಓಗ್ರೇಡಿ ಹುಟ್ಟಿದ್ದು 1955ರ ಜೂನ್ 14ಕ್ಕೆ ಬರ್ಕನ್‌ಹೆಡ್‌ನಲ್ಲಿ, ಅಂದ್ರೆ ಮರ್ಸಿ ನದಿಯ ಈಚೆ ದಡ, ಆಚೆ ದಡ ಲಿವರ್‌ಪೂಲ್. ಅಪ್ಪ ಐರ್ಲೆಂಡಿಂದ ಬಂದವ್ರು, ಕ್ಯಾಥೊಲಿಕ್ ಮನೆ, ದುಡಿದು ತಿನ್ನೋ ಜನ. ಸ್ಯಾವೇಜ್ ಅನ್ನೋದು ಅವ್ರ ಅಮ್ಮನ ತವರುಮನೆ ಹೆಸ್ರು, ಲಿಲಿಗೆ ಅದನ್ನೇ ಇಟ್ರು. ಚಿಕ್ಕಮ್ಮ ಒಬ್ರು ಬಸ್ ಕಂಡಕ್ಟರ್ ಆಗಿದ್ರು, ಬಾಯಿ ಅಂದ್ರೆ ಬಾಯಿ. ಆ ಚಿಕ್ಕಮ್ಮ, ಅಮ್ಮ, ಬೀದಿಯ ಹೆಂಗಸ್ರು ಎಲ್ಲ ಸೇರಿನೇ ಲಿಲಿ ಆಗಿದ್ದು. ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಇಲ್ಲೇ ಇದೆ ಅಂತ ನಂಗನ್ಸುತ್ತೆ. ಆತ ಹೆಂಗಸ್ರನ್ನ ದೂರ ನಿಂತು ನೋಡಿ ಅಣಕಿಸಿದ್ದಲ್ಲ, ಅಡಿಗೆಮನೆ ಟೇಬಲ್ ಕೆಳಗೆ ಕೂತು ಅವ್ರ ಮಾತು ಕೇಳಿ ಬೆಳೆದ ಹುಡುಗ, ಅವ್ರ ನಾಲಿಗೆನೇ ತಗೊಂಡು ಸ್ಟೇಜ್ ಹತ್ತಿದ್ದು.

ಸ್ಟೇಜ್ ಹತ್ತೋಕೆ ಮುಂಚೆ ಮಾಡಿದ ಕೆಲ್ಸ ಒಂದಾ ಎರಡಾ. ಸರ್ಕಾರಿ ಆಫೀಸ್‌ನಲ್ಲಿ ಗುಮಾಸ್ತ, ಕೋರ್ಟ್‌ನಲ್ಲಿ ಕೆಲ್ಸ, ಕಸಾಯಿಖಾನೆಲೂ ಸ್ವಲ್ಪ ದಿನ, ಆಮೇಲೆ ವೆಸ್ಟ್ ಕರ್ಬಿಯಲ್ಲಿ ಅಂಗವಿಕಲ ಮಕ್ಕಳ ಹೋಮ್‌ನಲ್ಲಿ ಮೂರು ವರ್ಷ. ನೀವು ಕೇರ್ ಕೆಲ್ಸದಲ್ಲಿ ಇರೋದ್ರಿಂದ ಇದು ನಿಮಗೆ ಹತ್ರ ಆಗುತ್ತೆ. ಲಂಡನ್‌ಗೆ ಬಂದ್ಮೇಲೆ ಕ್ಯಾಮ್ಡೆನ್ ಕೌನ್ಸಿಲ್‌ನಲ್ಲಿ ಕೆಲ್ಸ ಸಿಕ್ತು. ಅದೇನಂದ್ರೆ ತಾಯಿ ಆಸ್ಪತ್ರೆ ಸೇರಿರ್ತಾರೆ, ಇಲ್ಲಾ ಅಪ್ಪ ಅಮ್ಮ ಕುಡಿದು ಎಲ್ಲೋ ಬಿದ್ದಿರ್ತಾರೆ, ಅಂಥ ಮನೆ ಮಕ್ಕಳನ್ನ ಎತ್ಕೊಂಡು ಹೋಗಿ ಹಾಸ್ಟೆಲ್‌ಗೆ ಹಾಕೋ ಬದಲು ಈತನೇ ಆ ಮನೆಗೆ ಹೋಗಿ ಇದ್ದು, ಅಡಿಗೆ ಮಾಡಿ, ಬಟ್ಟೆ ಒಗೆದು, ಸ್ಕೂಲಿಗೆ ಕಳಿಸೋದು. ಆ ಕೆಲ್ಸ ಮಾಡ್ತಾ ಇದ್ದ ಕಾಲದಲ್ಲೇ 1978ರಲ್ಲಿ ಕ್ಯಾಮ್ಡೆನ್‌ನ ಬ್ಲ್ಯಾಕ್ ಕ್ಯಾಪ್ ಪಬ್ಬಲ್ಲಿ ಮೊದಲ ಸಲ ಲಿಲಿ ವೇಷ ಹಾಕಿದ್ರು. ಯಾರದೋ ಮನೆಯ ಮಕ್ಕಳಿಗೆ ಊಟಕ್ಕೆ ಹಾಕೋ ಕೈ, ಸ್ಟೇಜಿಗೆ ಬಂದ್ರೆ ಅದೇ ಕೈ ಸಿಗರೇಟು ಹಿಡ್ಕೊಂಡು ಜನ್ರನ್ನ ಗದರಿಸೋದು. ಲಿಲಿ ಬೈಯೋದ್ರಲ್ಲಿ ಯಾಕೆ ವಿಷ ಇರಲ್ಲ ಅಂದ್ರೆ ಇದಕ್ಕೇ ಅಂತ ನಾನು ನಂಬಿದೀನಿ.

ಆಗಿನ ಪಬ್‌ಗಳಲ್ಲಿ ಡ್ರ್ಯಾಗ್, ಅಂದ್ರೆ ಗಂಡಸ್ರು ಹೆಣ್ಣುವೇಷ ಹಾಕಿ ಮಾಡೋ ಶೋ, ಜಾಸ್ತಿ ಹಾಡಿಗೆ ತುಟಿ ಆಡಿಸೋದು. ಈತನೂ ಪ್ಲೇಗರ್ಲ್ಸ್ ಅನ್ನೋ ಜೋಡಿಯಲ್ಲಿ ಉತ್ತರ ಇಂಗ್ಲೆಂಡ್ ಕ್ಲಬ್ಬುಗಳನ್ನ ಸುತ್ತಿದ್ರು. ಆಮೇಲೆ ಒಬ್ರೇ ಮೈಕ್ ಹಿಡಿದು ಮಾತಾಡೋಕೆ ಶುರು ಮಾಡಿದ್ರು ನೋಡಿ, ಅಲ್ಲಿಂದ ಬೇರೆನೇ ಆಯ್ತು. ಅವ್ರಿಗೆ ಮುಂಚಿನ ದೊಡ್ಡ ಹೆಸ್ರು ಡ್ಯಾನಿ ಲಾ ರೂ, ಅವ್ರದ್ದು ಮಿಂಚೋ ಗೌನು, ಗರಿ, ರಾಣಿ ಥರ. ಲಿಲಿ ಹಂಗಲ್ಲ, ವಿಗ್ಗಿನ ಬುಡದಲ್ಲಿ ಕಪ್ಪು ಕೂದ್ಲು ಕಾಣ್ತಾ ಇರುತ್ತೆ, ಬಣ್ಣ ಹಚ್ಚಿ ಎರಡು ತಿಂಗ್ಳಾಗಿ ಮತ್ತೆ ಹಚ್ಚೋಕೆ ದುಡ್ಡಿಲ್ಲದ ಹೆಂಗಸಿನ ತಲೆ ಥರ. ಆ ಒಂದು ವಿವರ ನೋಡಿ, ಅಷ್ಟರಲ್ಲೇ ಪೂರ್ತಿ ಪಾತ್ರ ಗೊತ್ತಾಗುತ್ತೆ. ಗಂಡ ಇಲ್ಲ, ಬಂಟಿ ಮತ್ತೆ ಜೇಸನ್ ಅಂತ ಇಬ್ರು ಮಕ್ಕಳು, ವೆರಾ ಅಂತ ತಂಗಿ, ಅಂಗಡಿಲಿ ಕದ್ದು ಸಿಕ್ಕಿಬಿದ್ದ ಕಥೆಗಳು. ಜನ ತಮ್ಮ ಪಕ್ಕದ ಮನೆಯವ್ಳನ್ನ ನೋಡಿದ ಹಾಗೆ ನೋಡ್ತಿದ್ರು.

ಲಂಡನ್‌ನ ರಾಯಲ್ ವಾಕ್ಸಾಲ್ ಟ್ಯಾವರ್ನ್ ಅನ್ನೋ ಗೇ ಪಬ್ಬಲ್ಲಿ ಸುಮಾರು ಎಂಟು ವರ್ಷ ಕಾಯಂ ಶೋ. 1991ರಲ್ಲಿ ಎಡಿನ್‌ಬರೋದ ಪೆರಿಯರ್ ಕಾಮಿಡಿ ಪ್ರಶಸ್ತಿಗೆ ನಾಮಿನೇಟ್ ಆದ್ರು, ಅಲ್ಲಿಂದ ಟಿವಿಯವ್ರ ಕಣ್ಣಿಗೆ ಬಿದ್ರು. 1995ರಲ್ಲಿ ಚಾನೆಲ್ ಫೋರ್‌ನ ಬಿಗ್ ಬ್ರೇಕ್‌ಫಾಸ್ಟ್, ಬೆಳಗ್ಗೆ ಬೆಳಗ್ಗೆ ಹಾಸಿಗೆ ಮೇಲೆ ಮಲ್ಕೊಂಡು ದೊಡ್ಡ ದೊಡ್ಡ ಸ್ಟಾರ್‌ಗಳ ಇಂಟರ್‌ವ್ಯೂ. 1997ರಿಂದ ಬ್ಲ್ಯಾಂಕೆಟಿ ಬ್ಲ್ಯಾಂಕ್, ಮುಂಚೆ ಟೆರಿ ವೋಗನ್ ಮತ್ತೆ ಲೆಸ್ ಡಾಸನ್ ನಡೆಸಿದ್ದ ಗೇಮ್ ಶೋ ಅದು, ಮನೆಮಂದಿಯೆಲ್ಲ ಕೂತು ನೋಡೋದು. ಹತ್ತು ವರ್ಷದ ಹಿಂದೆ ಪೊಲೀಸ್ರು ನುಗ್ಗಿದ್ದ ಪಬ್ಬಿನ ಸ್ಟೇಜ್ ಮೇಲೆ ಇದ್ದವ್ರು ಬಿಬಿಸಿಯಲ್ಲಿ ಆ ಜಾಗದಲ್ಲಿ ನಿಂತ್ರು ಅಂದ್ರೆ ಎಂಥಾ ದೂರ ಬಂದ್ರು ಯೋಚ್ನೆ ಮಾಡಿ.

ನಾಟಕದ_ಹುಚ್ಚು:

ಪೊಲೀಸ್ ನುಗ್ಗಿದ್ದು ಅಂತ ಅಷ್ಟಕ್ಕೇ ಬಿಟ್ರಲ್ಲ ಸರ್, ಅದು ಸಣ್ಣ ವಿಷ್ಯ ಅಲ್ಲ, ಸ್ವಲ್ಪ ಬಿಡಿಸಿ ಹೇಳಿ ಪ್ಲೀಸ್. ಯಾಕೆ ನುಗ್ಗಿದ್ರು?

ವಾಕ್ಸಾಲ್_ವಾಸಿ:

ಹೇಳ್ತೀನಿ. 1987ರ ಜನವರಿ 24, ಅದೇ ವಾಕ್ಸಾಲ್ ಟ್ಯಾವರ್ನ್‌ನಲ್ಲಿ ರಾತ್ರಿ ಲೇಟ್ ಶೋ ನಡೀತಿತ್ತು, ಲಿಲಿ ಸ್ಟೇಜ್ ಮೇಲೆ. ಇದ್ದಕ್ಕಿದ್ದ ಹಾಗೆ ಪೊಲೀಸ್ರು ತುಂಬ್ಕೊಂಡ್ರು, ಎಲ್ರ ಕೈಗೂ ರಬ್ಬರ್ ಗ್ಲೌಸು. ಏಡ್ಸ್ ಕಾಲ ಅದು, ಗೇ ಗಂಡಸ್ರನ್ನ ಮುಟ್ಟಿದ್ರೇ ರೋಗ ಬರುತ್ತೆ ಅನ್ನೋ ಭಯ. ಮುಟ್ಟೋಕೂ ಹೇಸಿಗೆ ಪಟ್ಟು ಗ್ಲೌಸ್ ಹಾಕ್ಕೊಂಡು ಬಂದಿದ್ದಾರೆ ಅಂದ್ರೆ ಅಲ್ಲಿ ಕೂತವ್ರಿಗೆ ಹೇಗಾಗಿರ್ಬೇಡ, ಅವ್ರಲ್ಲಿ ಎಷ್ಟೋ ಜನ ಅದೇ ವಾರ ಯಾರನ್ನೋ ಮಣ್ಣು ಮಾಡಿ ಬಂದವ್ರು ಇರ್ಬಹುದು. ಆಗ ಲಿಲಿ ಮೈಕ್‌ನಲ್ಲಿ, ಓಹೋ ಪಾತ್ರೆ ತೊಳೆಯೋಕೆ ಜನ ಬಂದ್ರು ನೋಡಿ ಅನ್ನೋ ಅರ್ಥದ ಮಾತು ಹೇಳಿದ್ರಂತೆ. ಅವ್ರನ್ನೂ ಹಿಡ್ಕೊಂಡು ಹೋದ್ರು. ಮಾರನೇ ದಿನ ಎಂದಿನ ಹಾಗೆ ಶೋ ನಡೀತು ಅಂತ ಅವ್ರೇ ಆಮೇಲೆ ನೆನಪು ಮಾಡ್ಕೊಂಡಿದ್ರು.

ಆ ವರ್ಷಗಳಲ್ಲಿ ಅವ್ರ ಗೆಳೆಯರು ಸಾಲು ಸಾಲಾಗಿ ಹೋದ್ರು. 1988ರಲ್ಲಿ ಸೆಕ್ಷನ್ 28 ಅನ್ನೋ ಕಾನೂನು ಬಂತು, ಶಾಲೆಗಳಲ್ಲಿ ಸಲಿಂಗಕಾಮವನ್ನ ಒಪ್ಪೋ ಥರ ಮಾತಾಡ್ಬಾರ್ದು ಅಂತ. ಅಂಥ ಕಾಲದಲ್ಲಿ ವಾರ ವಾರ ಬಂದು ನಗೋಕೆ ಒಂದು ಕೋಣೆ ಇದೆ ಅಂದ್ರೆ ಅದು ಬರೀ ಮನರಂಜನೆ ಆಗಿರ್ಲಿಲ್ಲ. ನಾನು ಈಗ್ಲೂ ಆ ಕಟ್ಟಡದ ಮುಂದೆನೇ ಕೆಲ್ಸಕ್ಕೆ ಹೋಗೋದು, ವಾಕ್ಸಾಲ್ ಸ್ಟೇಷನ್ ಹತ್ರ ರೈಲ್ವೆ ಕಮಾನುಗಳ ಪಕ್ಕ ಒಂಟಿಯಾಗಿ ನಿಂತಿದೆ, ಮುಂಭಾಗ ಬಿಲ್ಲಿನ ಹಾಗೆ ಬಾಗಿರೋ ಹಳೇ ಪಬ್ಬು. 2015ರಲ್ಲಿ ಅದನ್ನ ಸಂರಕ್ಷಿತ ಕಟ್ಟಡ ಅಂತ ಘೋಷಿಸಿದ್ರು, ಗೇ, ಲೆಸ್ಬಿಯನ್, ಟ್ರಾನ್ಸ್ ಸಮುದಾಯದ ಇತಿಹಾಸಕ್ಕೋಸ್ಕರ ಇಲ್ಲಿ ಪಟ್ಟಿಗೆ ಸೇರಿದ ಮೊದಲ ಕಟ್ಟಡ ಅದೇ.

ಕುಂದಾಪ್ರ_ಗಾಳಿ:

ನಂಗೆ ಹಾಸನದ ಅಕ್ಕ ಕೇಳಿದ ಎರಡನೇ ಪ್ರಶ್ನೆ ತಲೇಲಿ ಉಳೀತು ಮಾರಾಯ್ರೆ. ನಾವು ಯಕ್ಷಗಾನದ ಸ್ತ್ರೀವೇಷ ನೋಡಿ ಬೆಳೆದವ್ರು. ಚೌಕಿಯಲ್ಲಿ ಬಣ್ಣ ಹಚ್ಚೋವಾಗ ಬೀಡಿ ಸೇದ್ತಾ ಕೂತಿರೋ ಮನುಷ್ಯ ರಂಗಸ್ಥಳಕ್ಕೆ ಬಂದ್ರೆ ದ್ರೌಪದಿ, ಅಲ್ಲಿ ಗಂಡಸು ಕಾಣ್ಲೇಬಾರ್ದು, ಸೊಂಟ ಕಣ್ಣು ಸ್ವರ ಎಲ್ಲ ಹೋಗ್ಬಿಡ್ಬೇಕು. ಮಂಟಪ ಪ್ರಭಾಕರ ಉಪಾಧ್ಯರು ಒಬ್ರೇ ನಿಂತು ಹೆಣ್ಣಿನ ಮನಸ್ಸು ತೋರಿಸೋದನ್ನ ನೋಡಿದವ್ರಿಗೆ ಗೊತ್ತು, ಅರ್ಧ ಗಂಟೆ ಆದ್ಮೇಲೆ ಇವ್ರು ಗಂಡಸು ಅನ್ನೋದೇ ಮರ್ತು ಹೋಗುತ್ತೆ.

ಲಿಲಿದು ಪೂರ್ತಿ ಉಲ್ಟಾ ಅಂತ ಕಾಣ್ಸುತ್ತೆ. ನಾನು ಈಗಷ್ಟೇ ನಾಲ್ಕೈದು ವಿಡಿಯೋ ನೋಡಿ ಬಂದೆ. ಸ್ವರ ಬದ್ಲಾಯಿಸೋದೇ ಇಲ್ಲ, ಗಂಡಸಿನ ಸ್ವರವೇ, ಯಾರಿಗೂ ಮೋಸ ಮಾಡೋ ಪ್ರಯತ್ನ ಇಲ್ಲ, ಆದ್ರೂ ಅಲ್ಲಿ ಒಬ್ಳು ಹೆಂಗಸು ಇದಾಳೆ. ಟಿವಿ ಕಾಮಿಡಿಲಿ ಗಂಡಸು ಸೀರೆ ಉಟ್ರೆ ಸೀರೆನೇ ಜೋಕು, ಎದೆಗೆ ಏನೋ ತುರ್ಕಿದ್ದೇ ಜೋಕು. ಇಲ್ಲಿ ಬಟ್ಟೆ ಜೋಕಲ್ಲ, ಅವ್ಳೇ ಬೇರೆಯವ್ರ ಮೇಲೆ ಜೋಕ್ ಹೊಡೆಯೋಳು. ನಗೋದು ಯಾರು, ನಗೆಗೆ ಸಿಕ್ಕೋರು ಯಾರು ಅನ್ನೋದ್ರಲ್ಲಿ ವ್ಯತ್ಯಾಸ ಇರೋದು ಅಕ್ಕ.

ನಾಟಕದ_ಹುಚ್ಚು:

ಒಳ್ಳೆ ಮಾತು ಹೇಳಿದ್ರಿ. ಇದಕ್ಕೆ ಒಂದು ಸೇರಿಸ್ಬಹುದು, ಇಂಗ್ಲೆಂಡ್‌ನಲ್ಲಿ ಕ್ರಿಸ್ಮಸ್ ಹೊತ್ತಿಗೆ ಪ್ಯಾಂಟೊ ಅಂತ ನಾಟಕ ಆಡ್ತಾರಲ್ಲ, ಅದ್ರಲ್ಲಿ ವಯಸ್ಸಾದ ಹೆಂಗಸಿನ ಪಾತ್ರ ಗಂಡಸೇ ಮಾಡೋದು ಹಳೇ ಪದ್ಧತಿ, ಡೇಮ್ ಅಂತಾರೆ, ಮಕ್ಕಳು ಕೂಗಾಡಿ ನೋಡ್ತಾರೆ. ಅದಕ್ಕೇ ಲಿಲಿ ಟಿವಿಗೆ ಬಂದಾಗ ನೋಡೋರಿಗೆ ಆ ರೂಪ ತೀರಾ ಹೊಸದು ಅನ್ಸಿರಕ್ಕಿಲ್ಲ, ಒಳಗಿನ ಮಾತು ಹೊಸದು.

ಆದ್ರೆ ಅಷ್ಟು ಗೆದ್ದ ಪಾತ್ರನ ಯಾಕೆ ಬಿಟ್ರು?

ವಾಕ್ಸಾಲ್_ವಾಸಿ:

ಸಾಕಾಯ್ತು ಅಂತ. ಬಿಗಿ ಕಾರ್ಸೆಟ್, ಎತ್ತರದ ಹೀಲ್ಸ್, ವಿಗ್ಗು, ಗಂಟೆಗಟ್ಲೆ ಮೇಕಪ್ಪು, ಇಪ್ಪತ್ತೈದು ವರ್ಷ ಹತ್ರ ಆಯ್ತು. 2002ರಲ್ಲಿ ಹಾರ್ಟ್ ಅಟ್ಯಾಕ್ ಬೇರೆ ಆಗಿತ್ತು. ಲಿಲಿ ಎಲ್ಲಿ ಅಂತ ಯಾರಾದ್ರೂ ಕೇಳಿದ್ರೆ ಫ್ರಾನ್ಸ್‌ನಲ್ಲಿ ಕಾನ್ವೆಂಟ್ ಸೇರಿ ಸನ್ಯಾಸಿನಿ ಆಗಿದಾಳೆ ಅಂತಿದ್ರು.

ಎಷ್ಟೋ ಜನಕ್ಕೆ ವೇಷ ತೆಗೆದ್ರೆ ಕೆಳಗೆ ಏನೂ ಉಳಿಯಲ್ಲ. ಇವ್ರು 2004ರಲ್ಲಿ ಕೋಟು ಹಾಕ್ಕೊಂಡು ಸಂಜೆ ಐದಕ್ಕೆ ತಮ್ಮ ಹೆಸ್ರಲ್ಲೇ ಟಾಕ್ ಶೋ ಶುರು ಮಾಡಿದ್ರು, ತೊಡೆ ಮೇಲೆ ಬಸ್ಟರ್ ಅನ್ನೋ ನಾಯಿ, ಶೋ ಓಡಿದ್ದೇ ಓಡಿದ್ದು. 2005ರಲ್ಲಿ ಬಾಫ್ಟಾ ಟಿವಿ ಪ್ರಶಸ್ತಿ ಬಂತು. ಅದೇ ವರ್ಷ ಅವ್ರ ಸಂಗಾತಿ, ಮ್ಯಾನೇಜರ್ ಕೂಡ ಆಗಿದ್ದ ಬ್ರೆಂಡನ್ ಮರ್ಫಿ ಕ್ಯಾನ್ಸರ್‌ನಿಂದ ಹೋದ್ರು, ಕೊನೆವರೆಗೂ ನೋಡ್ಕೊಂಡಿದ್ದು ಇವ್ರೇ. 2010ರಲ್ಲಿ ಸರ್ಕಾರ ಖರ್ಚು ಕಡಿತ ಘೋಷಿಸಿದಾಗ ಪಾರ್ಲಿಮೆಂಟ್‌ನಲ್ಲಿ ಅದಕ್ಕೆ ಕೇಕೆ ಹಾಕಿದವ್ರನ್ನ ಟಿವಿಯಲ್ಲೇ ಬೈದ್ರು, ಪೆನ್ಷನ್ ಮೇಲೆ ಬದುಕೋರ ಪರವಾಗಿ, ವೀಲ್‌ಚೇರ್ ಬೇಕಾದವ್ರ ಪರವಾಗಿ. ಆ ದಿನ ವಿಗ್ ಇರ್ಲಿಲ್ಲ ಅಷ್ಟೇ, ಮಾತು ಲಿಲಿದೇ.

ನಾಯಿ ಶೋ 2012ರಲ್ಲಿ ಶುರುವಾಗಿದ್ದು. ಆರು ದಿನ ಶೂಟಿಂಗ್ ಅಂತ ಹೋದವ್ರು ಆರು ತಿಂಗಳು ಅಲ್ಲೇ ಉಳಿದ್ರಂತೆ. ಯಾರೂ ಬೇಡ ಅಂದ ನಾಯಿ ಮುಂದೆ ನೆಲದ ಮೇಲೆ ಕೂತ್ಕೊಳ್ಳೋ ರೀತಿ ಇದೆಯಲ್ಲ, ನಂಗೆ ಅದ್ರಲ್ಲಿ ಕ್ಯಾಮ್ಡೆನ್‌ನ ಆ ಕೌನ್ಸಿಲ್ ಹುಡುಗನೇ ಕಾಣ್ತಾನೆ. 2023ರ ಮಾರ್ಚ್ 28ಕ್ಕೆ ಹೋದ್ರು, 67 ವರ್ಷ. ಆ ವರ್ಷ ಆನಿ ಅನ್ನೋ ಹಾಡಿನ ನಾಟಕದ ಟೂರ್‌ನಲ್ಲಿ ಅನಾಥಾಲಯ ನಡೆಸೋ ಮಿಸ್ ಹ್ಯಾನಿಗನ್ ಪಾತ್ರ ಮಾಡ್ತಿದ್ರು, 1998ರಲ್ಲಿ ಲಿಲಿ ಹೆಸ್ರಲ್ಲಿ ಮಾಡಿದ ಅದೇ ಪಾತ್ರ. ನಿಮ್ಮ ಕೆಂಟ್‌ನಲ್ಲೇ, ಆಲ್ಡಿಂಗ್ಟನ್ ಹಳ್ಳಿಯಲ್ಲಿ ಮನೆ. ಅಂತ್ಯಕ್ರಿಯೆ ದಿನ ಬ್ಯಾಟರ್ಸೀಯವ್ರು ನಾಯಿಗಳನ್ನ ಕರ್ಕೊಂಡು ಬಂದು ಸಾಲಾಗಿ ನಿಲ್ಲಿಸಿದ್ರು, ಆ ಫೋಟೋ ನೋಡಿ ನಾನು ಆಫೀಸ್‌ನಲ್ಲಿ ಕೂತೇ ಅತ್ತೆ.

ಹಾಸನದ_ಹುಡುಗಿ:

ಇಷ್ಟೆಲ್ಲ ಬರೆದಿದ್ದಕ್ಕೆ ತುಂಬಾ ತುಂಬಾ ಥ್ಯಾಂಕ್ಸ್ ಅಣ್ಣ, ಕುಂದಾಪುರದವ್ರಿಗೂ. ಅವ್ರು ಕೇರ್ ಕೆಲ್ಸ ಮಾಡ್ತಿದ್ರು ಅಂತ ನಂಗೆ ಗೊತ್ತೇ ಇರ್ಲಿಲ್ಲ, ಅದನ್ನ ಓದಿ ಒಂಥರಾ ಆಯ್ತು.

ಇವತ್ತು ಬೆಳಗ್ಗೆ ಅಜ್ಜಿಗೆ ತಲೆ ಬಾಚ್ತಾ ಬ್ಲ್ಯಾಕ್ ಕ್ಯಾಪ್, ವಾಕ್ಸಾಲ್ ಎಲ್ಲ ಹೇಳ್ದೆ. ಲಂಡನ್ ವಿಷ್ಯ ಅವ್ರಿಗೆ ಬೇಕಾಗಿಲ್ಲ, ಬರ್ಕನ್‌ಹೆಡ್ ಅಂದ ಕೂಡ್ಲೇ ಕತ್ತು ತಿರುಗಿಸಿದ್ರು. ಲಿಲಿ ಮಾತಾಡೋದು ಅವ್ರ ಅಕ್ಕ ಮಾತಾಡ್ತಿದ್ದ ಹಾಗೇ ಇತ್ತಂತೆ, ಅಕ್ಕ ಹೋಗಿ ಎಷ್ಟೋ ವರ್ಷ ಆಗಿದೆ. ಆ ಬುಡದಲ್ಲಿ ಕಪ್ಪು ಕೂದ್ಲ ವಿಷ್ಯ ಹೇಳಿದ್ರೆ ಜೋರಾಗಿ ನಕ್ಕು ತನ್ನ ತಲೆ ಮುಟ್ಟಿ ತೋರಿಸಿದ್ರು. ನಾಳೆ ನಂದು ಸಂಜೆ ಶಿಫ್ಟು, ಬ್ಲ್ಯಾಂಕೆಟಿ ಬ್ಲ್ಯಾಂಕ್ ಹಾಕಿ ಕೊಡ್ತೀನಿ ಅಂದಿದೀನಿ, ಅರ್ಥ ಆಗದ ಮಾತು ಅವ್ರನ್ನೇ ಕೇಳ್ತೀನಿ.