ಪ್ರೀ-ರೈಡ್‌ಗೆ ಕನ್ನಡದಲ್ಲಿ ಏನನ್ನೋಣ? ‘ಹಾದಿ ನೋಡು’ ಆಗಲ್ಲ, ‘ತುಳಿದು ನೋಡು’ ಆದೀತೇ?

ಗೆಳೆಯರೇ,

ಒಂದು ಪದ ಬೇಕಾಗಿದೆ. ನಾನಿರುವುದು ಪುಣೆಯ ಕೋಥ್ರೂಡ್‌ನಲ್ಲಿ. ಇಲ್ಲಿನ ಸೈಕಲ್ ಗೆಳೆಯರು ಸಿಂಹಗಡದ ಕಡೆಯ ಒಂದು ಗುಡ್ಡದಲ್ಲಿ ಮೌಂಟನ್ ಬೈಕ್ ರೇಸ್ ಇಟ್ಟುಕೊಂಡಿದ್ದಾರೆ. ವಿಜಯಪುರ, ಬಾಗಲಕೋಟೆ ಕಡೆಯಿಂದ ಹುಡುಗ ಹುಡುಗಿಯರು ಬರುತ್ತಿದ್ದಾರೆ. ಅವರಿಗಾಗಿ ಸೂಚನೆಗಳನ್ನು ಕನ್ನಡದಲ್ಲಿ ಬರೆದುಕೊಡಲು ನನಗೆ ಹೇಳಿದರು. ಹೆಲ್ಮೆಟ್, ನೀರು, ಔಷಧಿ, ಎಲ್ಲ ಸಲೀಸಾಗಿ ಬರೆದೆ. ಒಂದೇ ಸಾಲಿನಲ್ಲಿ ಕೈ ನಿಂತಿತು: ‘ಶನಿವಾರ ಬೆಳಿಗ್ಗೆ 7ರಿಂದ 11ರವರೆಗೆ ಪ್ರೀ-ರೈಡ್.’

ರೇಸಿಗೆ ಮುಂಚೆ ಅದೇ ಹಾದಿಯಲ್ಲಿ ಒಂದೆರಡು ಸುತ್ತು ಸೈಕಲ್ ಹೊಡೆಯುವುದು, ಅಷ್ಟೇ. ಆದರೆ ಅದು ಸುಮ್ನೆ ಸುತ್ತಾಟ ಅಲ್ಲ. ಯಾವ ತಿರುವಿನಲ್ಲಿ ಬ್ರೇಕ್ ಹಿಡಿಯಬೇಕು, ಎಲ್ಲಿ ಗೇರ್ ಇಳಿಸಬೇಕು, ಎಲ್ಲಿ ಮುಂದಿನವರನ್ನು ದಾಟಬಹುದು, ಟೈರಿಗೆ ಗಾಳಿ ಎಷ್ಟಿರಬೇಕು, ಇದೆಲ್ಲ ಆಗಲೇ ಗೊತ್ತಾಗುವುದು. ನಮ್ಮ ಕಡೆ ಗರಸು ಅನ್ನುತ್ತೇವಲ್ಲ, ಇಲ್ಲಿನವರು ಮುರೂಮ್ ಅನ್ನುತ್ತಾರೆ. ಗಟ್ಟಿ ನೆಲದ ಮೇಲೆ ಸಡಿಲ ಗರಸು ಇದ್ದರೆ ಟೈರು ಹಿಡಿಯುವುದಿಲ್ಲ, ಜಾರುತ್ತದೆ. ದೂರದಿಂದ ನೋಡಿದರೆ ಅದು ಒಳ್ಳೆಯ ಹಾದಿಯ ಹಾಗೇ ಕಾಣುತ್ತದೆ.

ಮೊದಲು ‘ಹಾದಿ ನೋಡುವುದು’ ಅಂತ ಬರೆದೆ. ಬರೆದ ಕೂಡಲೇ ತಪ್ಪು ಅಂತ ಗೊತ್ತಾಯಿತು. ‘ನಿನ್ನ ಹಾದಿ ನೋಡಿ ನೋಡಿ ಸಾಕಾಯ್ತು’ ಅಂದರೆ ಕಾದು ಕಾದು ಸಾಕಾಯ್ತು ಅಂತ. ಶನಿವಾರ ಬೆಳಿಗ್ಗೆ 7ರಿಂದ 11ರವರೆಗೆ ಹಾದಿ ನೋಡಿ ಅಂದರೆ, ಯಾರೋ ಬರುವವರಿದ್ದಾರೆ, ಕಾಯಿರಿ ಅಂತಲೇ ಅರ್ಥ. ಮರಾಠಿಯಲ್ಲೂ ಹೀಗೇ. ‘ವಾಟ ಪಾಹಣೆ’ ಅಂದರೆ ಕಾಯುವುದು. ಎರಡೂ ಭಾಷೆಗಳಲ್ಲಿ ಹಾದಿಯನ್ನು ನೋಡುವವರು ಕಾಯುವವರೇ. ಇದು ನನಗೆ ತುಂಬಾ ಇಷ್ಟವಾಯಿತು, ಆದರೆ ಕೆಲಸಕ್ಕೆ ಬರಲಿಲ್ಲ.

ಮರಾಠಿ ಹಾಳೆಯಲ್ಲಿ ಅವರು ‘ಮಾರ್ಗಾಚೀ ಪಾಹಣೀ’ ಎಂದು ಬರೆದಿದ್ದಾರೆ. ಅವರಿಗೆ ಪಾಹಣೀ ಅಂದರೆ ಹೋಗಿ ನೋಡಿ ತಪಾಸಣೆ ಮಾಡುವುದು. ಈಗಲೂ ಬೆಳೆ ಸಮೀಕ್ಷೆಗೆ ‘ಪೀಕ ಪಾಹಣೀ’ ಅನ್ನುತ್ತಾರೆ. ನಮ್ಮ ಪಹಣಿಯೂ ಅದೇ ಪದ. ನಮ್ಮಲ್ಲಿ ಮಾತ್ರ ನೋಡುವ ಕೆಲಸ ಮರೆತು ಹೋಗಿ ಕಾಗದ ಉಳಿಯಿತು. ವಿಜಯಪುರದ ಹುಡುಗನಿಗೆ ‘ಹಾದಿಯ ಪಹಣಿ’ ಅಂದರೆ, ಆ ಹೊಲ ಯಾರ ಹೆಸರಿನಲ್ಲಿದೆ ಅಂತ ಕೇಳಿಯಾನು.

‘ರೆಕ್ಕಿ’ ಬಳಸಿ ಎಂದರು ಒಬ್ಬರು. ಮೂಲ ಫ್ರೆಂಚ್ ಪದದಲ್ಲಿ ಗುರುತು ಹಿಡಿಯುವುದು ಎಂಬ ಒಳ್ಳೆಯ ಅರ್ಥವೇ ಇದೆ. ಸೈನ್ಯದ ಮಾತಾಗಿ ಇಂಗ್ಲಿಷಿಗೆ ಬಂತು, ಅಲ್ಲಿಂದ ನಮಗೆ. ಆದರೆ ನಮ್ಮ ಪತ್ರಿಕೆಗಳಲ್ಲಿ ರೆಕ್ಕಿ ಮಾಡುವವರು ಕಳ್ಳರು, ಹಂತಕರು. ಮಕ್ಕಳ ಕೈಗೆ ಕೊಡುವ ಹಾಳೆಯಲ್ಲಿ ಆ ಪದ ನನಗೆ ಬೇಡ.

‘ತಾಲೀಮು’ ಹತ್ತಿರ ಬರುತ್ತದೆ. ನಾಟಕದ ಊರುಗಳಿಂದ ಬಂದ ನಮಗೆ ಅದು ಮನೆಯ ಮಾತು. ಪುಣೆಯಲ್ಲಂತೂ ತಾಲೀಮ್ ಅಂದರೆ ಕುಸ್ತಿಯ ಮನೆಯೂ ಹೌದು. ಇಲ್ಲಿನ ಗಣೇಶೋತ್ಸವದಲ್ಲಿ ಮೊದಲ ಗೌರವ ಪಡೆಯುವ ಐದು ‘ಮಾನದ ಗಣಪತಿ’ಗಳಲ್ಲಿ ಮೂರನೆಯದು ಗುರುಜೀ ತಾಲೀಮ್ ಗಣಪತಿ. ಆದರೆ ತಾಲೀಮಿನಲ್ಲಿ ಪಳಗುವುದು ನಾವು. ಪ್ರೀ-ರೈಡಿನಲ್ಲಿ ಪರೀಕ್ಷೆ ಆಗುವುದು ಹಾದಿ. ಇದು ಸಣ್ಣ ವ್ಯತ್ಯಾಸ ಅಲ್ಲ.

ಟೋಕಿಯೋ ಒಲಿಂಪಿಕ್ಸ್ ನೆನಪಿಸಿಕೊಳ್ಳಿ. 2021ರ ಜುಲೈ 26, ಇಜು ಎಂಬಲ್ಲಿ ಪುರುಷರ ಮೌಂಟನ್ ಬೈಕ್ ರೇಸ್. ಒಂದು ಬಂಡೆಯಿಂದ ಕೆಳಗಿಳಿಯುವ ಕಡೆ, ಅಭ್ಯಾಸದ ಹೊತ್ತಿನಲ್ಲಿ ಒಂದು ಹಲಗೆ ಇಟ್ಟಿದ್ದರು. ರೇಸಿನ ದಿನ ಅದು ಇರಲಿಲ್ಲ. ನೆದರ್‌ಲ್ಯಾಂಡ್ಸ್‌ನ ಮ್ಯಾಥ್ಯೂ ವಾನ್ ಡರ್ ಪೂಲ್ ಹಲಗೆ ಇದೆ ಅಂದುಕೊಂಡೇ ಹೋದರು. ಮೊದಲ ಸುತ್ತಿನಲ್ಲೇ ಜೋರಾಗಿ ಬಿದ್ದರು, ಕೊನೆಗೆ ರೇಸ್ ಬಿಟ್ಟರು. ಬ್ರಿಟನ್ನಿನ ಟಾಮ್ ಪಿಡ್‌ಕಾಕ್ ಚಿನ್ನ ಗೆದ್ದರು. ವಾನ್ ಡರ್ ಪೂಲ್ ಅವರಿಗೆ ತಾಲೀಮೇನು ಕಡಿಮೆ ಇತ್ತೇ? ಕೈಕೊಟ್ಟಿದ್ದು ಹಾದಿಯ ಗುರುತು. ಹಾಗಾಗಿ ನಮ್ಮ ಪದದಲ್ಲಿ ಹಾದಿ ಇರಬೇಕು, ಇಲ್ಲವೇ ಹಾದಿಯ ಮೇಲೆ ಕಾಲಾದರೂ ಇರಬೇಕು.

ಪದ ಸಿಕ್ಕಿದ್ದು ಆ ಮಕ್ಕಳ ಬಾಯಿಂದಲೇ. ವಿಜಯಪುರದ ಹುಡುಗಿಯೊಬ್ಬಳು ಫೋನಿನಲ್ಲಿ ಕೇಳಿದಳು: “ಕಾಕಾರ, ಶನಿವಾರ ಒಂದ್ ಸಲ ತುಳದ್ ನೋಡಾಕ ಬಿಡ್ತಾರೇನ್ರಿ?”

ತುಳಿದು ನೋಡು! ಕನ್ನಡದಲ್ಲಿ ಸೈಕಲ್ಲನ್ನೂ ತುಳಿಯುತ್ತೇವೆ, ಹಾದಿಯನ್ನೂ ತುಳಿಯುತ್ತೇವೆ. ಒಂದೇ ಮಾತಿನಲ್ಲಿ ಎರಡೂ ಬಂದವು. ಹಿಂದೆ ಬಂದ ‘ನೋಡು’ ಕಣ್ಣಿನ ನೋಡು ಅಲ್ಲ. ತಿಂದು ನೋಡು, ಕೇಳಿ ನೋಡು, ಮಾಡಿ ನೋಡು ಅನ್ನುವಾಗಿನ ನೋಡು. ಇನ್ನೂ ಒಂದು ಲಾಭ ಇದೆ. ಡೌನ್‌ಹಿಲ್ ರೇಸಿನವರು, ಅಂದರೆ ಗುಡ್ಡದ ಮೇಲಿಂದ ಕೆಳಕ್ಕೆ ರೇಸ್ ಮಾಡುವವರು, ಸೈಕಲ್ ಹತ್ತುವ ಮೊದಲು ಹಾದಿಯುದ್ದಕ್ಕೂ ನಡೆದು ಪರೀಕ್ಷಿಸುತ್ತಾರೆ. ಅದಕ್ಕೆ ‘ನಡೆದು ನೋಡು’ ಅನ್ನಬಹುದು. ಜೋಡಿ ಎಷ್ಟು ಚೆನ್ನಾಗಿ ಕೂತಿತು, ಅಲ್ವಾ?

ಈಗ ನನ್ನ ಪ್ರಶ್ನೆ. ಕ್ರಿಯಾಪದ ಸಿಕ್ಕಿತು, ನಾಮಪದ ಇಲ್ಲ. ವೇಳಾಪಟ್ಟಿಯ ಸಣ್ಣ ಚೌಕದಲ್ಲಿ ಒಂದೇ ಪದ ಹಿಡಿಸಬೇಕು. ‘ಮುಂತುಳಿತ’ ಮಾಡಿ ನೋಡಿದೆ. ಆದರೆ ತುಳಿತ ಎಂದರೆ ನಮಗೆ ಕೇಳಿಸುವುದು ದಬ್ಬಾಳಿಕೆ. ‘ತುಳಿತಕ್ಕೆ ಒಳಗಾದವರು’ ಅನ್ನುತ್ತೇವಲ್ಲ. ಆ ನೋವಿನ ಪದವನ್ನು ಆಟಕ್ಕೆ ಎಳೆದು ತರಲು ಮನಸ್ಸು ಒಪ್ಪಲಿಲ್ಲ. ‘ಮುನ್ಸವಾರಿ’ ಕೆಟ್ಟದ್ದಲ್ಲ, ಆದರೆ ಸವಾರಿ ಅಂದಾಗ ಕುದುರೆ ಕಾಣುತ್ತದೆ. ‘ಮುನ್ನೋಟ’ ಮತ್ತೆ ಬರೀ ಕಣ್ಣಿಗೇ ಹೋಯಿತು. ‘ತುಳಿನೋಟ’ ಅಂತ ಒಂದು ಕಟ್ಟಿದ್ದೇನೆ. ನನ್ನ ಕಿವಿಗೆ ಹಿಡಿಸುತ್ತಿದೆ. ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ?

ಅದಕ್ಕಿಂತ ಹೆಚ್ಚಾಗಿ, ನಿಮ್ಮ ಊರಿನಲ್ಲಿ ಇಂಥದಕ್ಕೆ ಆಗಲೇ ಪದ ಇದೆಯೇ? ತುಳುನಾಡಿನಲ್ಲಿ ಕಂಬಳದ ಕಾಲಕ್ಕೆ ಮುಂಚೆ ಕೋಣಗಳನ್ನು ಓಡಿಸಿ ನೋಡುವುದಕ್ಕೆ ‘ಕುದಿ ಕಂಬಳ’ ಅನ್ನುತ್ತಾರೆ. ಅಲ್ಲಿ ಪರೀಕ್ಷೆ ಕೋಣಕ್ಕೆ. ಗದ್ದೆಯನ್ನೇ ಪರೀಕ್ಷಿಸಿದರೆ ಏನನ್ನುತ್ತಾರೆ? ತೇರು ಎಳೆಯುವ ಮುನ್ನ ಬೀದಿ ನೋಡಿಕೊಂಡು ಬರುವವರು ಆ ಕೆಲಸಕ್ಕೆ ಏನು ಹೆಸರಿಟ್ಟಿದ್ದಾರೆ? ಬಂಡಿ ಓಟದ ಹಿಂದಿನ ದಿನ ಎತ್ತು ಕಟ್ಟಿ ಹಾದಿಯಲ್ಲಿ ಒಂದು ಸಲ ಹೋಗಿ ಬರುವುದಕ್ಕೆ? ಹಿರಿಯರನ್ನು ಕೇಳಿ ತಿಳಿಸಿ. ಹಾಳೆ ಗುರುವಾರ ಅಚ್ಚಿಗೆ ಹೋಗುತ್ತದೆ. ಅಲ್ಲಿಯವರೆಗೆ ಆ ಚೌಕದಲ್ಲಿ ‘ಹಾದಿ ತುಳಿದು ನೋಡಲು ಸಮಯ’ ಎಂದು ಸಣ್ಣ ಅಕ್ಷರದಲ್ಲಿ ಬರೆದಿಟ್ಟಿದ್ದೇನೆ.