ಮೂರು ಸಂಪುಟದ ಫ್ಯಾಂಟಸಿ ಕಾದಂಬರಿ: ಮೊದಲನೆಯದನ್ನು ಸ್ವಂತ ಖರ್ಚಲ್ಲಿ ಅಚ್ಚು ಹಾಕಿಸುವ ಮುಂಚೆ

ಬಾಣೆ (ನಾಪೋಕ್ಲು):
ಮೂರು ಸಂಪುಟದ ಫ್ಯಾಂಟಸಿ ಕಾದಂಬರಿ. ಮೊದಲನೆಯದು ಮುಗಿದಿದೆ, 1,40,000 ಪದ, ಎಲ್ಲ ಹಳೇ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಆಗಿದೆ. ಎರಡನೆಯದು ಅರ್ಧದಲ್ಲಿದೆ. ಕಥೆ ನಡೆಯುವುದು ಕಲ್ಪಿತ ನಾಡಿನಲ್ಲಾದರೂ ದೇವರಕಾಡು, ಐನ್‌ಮನೆ (ಕುಲದ ಮೂಲಮನೆ), ಕೊಡವ ಹಾಡು ಎಲ್ಲ ಒಳಗೆ ಬಂದಿದೆ. ಹುತ್ತರಿ ಹಬ್ಬದ ಹೊತ್ತಿಗೆ 1,000 ಪ್ರತಿ ಹಾಕಿಸಿ, ಮನೆಯಲ್ಲೇ ಇಟ್ಟುಕೊಂಡು ಅಂಚೆಯಲ್ಲಿ ಕಳಿಸುವ ಯೋಚನೆ. ಒಂದೇ ಪುಸ್ತಕ ಮಾಡಲೋ, ಒಡೆಯಲೋ? ಮೂರಕ್ಕೂ ಒಂದೇ ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಸಾಕಾ? ಕೊಡವ ಜನಪದ ಹಾಡುಗಳ ಸಂಗ್ರಹ ‘ಪಟ್ಟೋಲೆ ಪಳಮೆ’ಯ ಸಾಲು ಬಳಸಬಹುದಾ? ನುಡಿ ಫೈಲನ್ನು ಹಾಗೇ ಪ್ರೆಸ್ಸಿಗೆ ಕೊಟ್ಟರೆ ಏನು ತೊಂದರೆ?

ಫಾರಂ16 (ಮಡಿಕೇರಿ):
ಒಡೆಯಿರಿ. 1/8 ಡೆಮಿಯಲ್ಲಿ (5.5×8.5 ಇಂಚು) 11.5 ಪಾಯಿಂಟ್ ಅಕ್ಷರಕ್ಕೆ ಪುಟಕ್ಕೆ ಸುಮಾರು 225 ಪದ ಕೂರುತ್ತದೆ. ನಿಮ್ಮದು 620 ಪುಟ ದಾಟುತ್ತದೆ. 70 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ) ಮ್ಯಾಪ್‌ಲಿಥೋ ಕಾಗದ ಹಾಕಿದರೂ ಬೆನ್ನು 3 ಸೆಂ.ಮೀ. ಹತ್ತಿರ, ತೂಕ 680 ಗ್ರಾಂ. ಅಷ್ಟು ದಪ್ಪದ್ದನ್ನು ಬರೀ ಅಂಟಿನ ಮೇಲೆ ನಿಲ್ಲಿಸಿದರೆ ನಡುಪುಟ ಅಗಲಿಸಿ ಓದುವಾಗ ಬೆನ್ನು ಸೀಳುತ್ತದೆ. ಹೊಲಿಗೆ ಹಾಕಿಸಿದರೆ ಖರ್ಚು ಏರುತ್ತದೆ. 70,000 ಪದಕ್ಕೆ ಒಡೆದರೆ 320 ಪುಟ, ಅಂದರೆ 16 ಪುಟದ 20 ಫಾರಂ (ಒಟ್ಟಿಗೆ ಅಚ್ಚಾಗಿ ಮಡಿಸುವ ಪುಟಗಳ ಕಟ್ಟು) ಲೆಕ್ಕಕ್ಕೆ ಸರಿ. ಬೆನ್ನು 15 ಮಿ.ಮೀ., ತೂಕ 360 ಗ್ರಾಂ. 323 ಪುಟಕ್ಕೆ ನಿಲ್ಲಿಸಿದಿರೋ, ಇನ್ನೊಂದು ಫಾರಂ ಏರಿ 13 ಖಾಲಿ ಪುಟಕ್ಕೂ ಕಾಗದದ ದುಡ್ಡು ಕೊಡುತ್ತೀರಿ.

ಇನ್ನು ನಮ್ಮ ಕೊಡಗಿನ ಮಳೆ. ಡಿಸೆಂಬರಿನಲ್ಲಿ ಚೆನ್ನಾಗಿ ಕಂಡ ಪುಸ್ತಕ ಜೂನ್ ಕಳೆಯುವಷ್ಟರಲ್ಲಿ ಹಪ್ಪಳದ ಹಾಗೆ ಸೊಟ್ಟಗಾಗಲು ಎರಡು ಕಾರಣ. ಒಂದು, ಕಾಗದದ ನಾರು ಬೆನ್ನಿಗೆ ಅಡ್ಡ ಹೋಗಿರುವುದು. ತೇವ ಕುಡಿದ ನಾರು ಅಗಲಕ್ಕೆ ಹಿಗ್ಗುತ್ತದೆ, ಬೆನ್ನಿನ ಅಂಟು ಬಿಡುವುದಿಲ್ಲ, ಪುಟ ಅಲೆಯಾಗುತ್ತದೆ. ಪ್ರೆಸ್ಸಿನಿಂದ ಡಮ್ಮಿ (ಅದೇ ಕಾಗದದ ಖಾಲಿ ಮಾದರಿ ಪುಸ್ತಕ) ಕೇಳಿ ತರಿಸಿ, ಒಂದು ಹಾಳೆಯಿಂದ ಚೌಕ ತುಂಡು ಕತ್ತರಿಸಿ (ಬೆನ್ನಿನ ಕಡೆ ಯಾವುದೆಂದು ಪೆನ್ಸಿಲ್ ಗುರುತು ಹಾಕಿ), ಒಂದೇ ಮಗ್ಗುಲಿಗೆ ನೀರು ಸವರಿ. ಅದು ಕೊಳವೆಯಂತೆ ಸುರುಳಿಯಾಗುತ್ತದಲ್ಲ, ಆ ಕೊಳವೆಯ ಉದ್ದ ಬೆನ್ನಿನ ದಿಕ್ಕಿಗಿರಬೇಕು. ಎರಡನೆಯದು, ರಕ್ಷಾಪುಟದ ಲ್ಯಾಮಿನೇಶನ್. ಹೊರಗೆ ಮಾತ್ರ ಪ್ಲಾಸ್ಟಿಕ್ ಇರುವುದರಿಂದ ಒಳಮೈ ತೇವ ಹೀರಿ ಹಿಗ್ಗಿ, ರಕ್ಷಾಪುಟ ಹೊರಕ್ಕೆ ಬಾಗುತ್ತದೆ. 300 ಜಿಎಸ್‌ಎಂಗಿಂತ ತೆಳು ಬೋರ್ಡ್ ಬೇಡ.

ಹಾಗಾಗಿ 1,000 ಬೇಡವೇ ಬೇಡ. 300 ಡಿಜಿಟಲ್ಲಿನಲ್ಲಿ ಹಾಕಿಸಿ; ಪ್ಲೇಟ್ ಮಾಡಿ ಅಚ್ಚು ಹಾಕುವ ಆಫ್‌ಸೆಟ್ಟಿನ ಲಾಭ ಕಾಣುವುದು ಸುಮಾರು 500 ದಾಟಿದ ಮೇಲೆ. ಪೆಟ್ಟಿಗೆಗಳನ್ನು ನೆಲದಿಂದ ನಾಲ್ಕಿಂಚು ಮೇಲೆ ಹಲಗೆಯ ಮೇಲಿಡಿ, ಗೋಡೆಗೆ ತಾಗಿಸಬೇಡಿ. ಕಾಫಿ ಗೋಡೌನಿನ ಮೂಲೆಯಲ್ಲಂತೂ ಇಡಲೇಬೇಡಿ, ಸರಿಯಾಗಿ ಒಣಗದ ಚೀಲ ಪಕ್ಕದಲ್ಲಿದ್ದರೆ ಅದರ ತೇವವೆಲ್ಲ ಪುಸ್ತಕಕ್ಕೆ.

ಒತ್ತಕ್ಷರ (ಗೋಣಿಕೊಪ್ಪ):
ನುಡಿ ಫೈಲ್ ಅಚ್ಚಿಗೆ ನಡೆಯುತ್ತದೆ, ಇ-ಪುಸ್ತಕಕ್ಕೆ ನಡೆಯುವುದಿಲ್ಲ. ಹಳೇ ಆಸ್ಕಿ ಫೈಲಿನಲ್ಲಿರುವುದು ಇಂಗ್ಲಿಷ್ ಸಂಕೇತಗಳು. ಫಾಂಟ್ ತೆಗೆದರೆ ಬರೀ ಕಸ ಉಳಿಯುತ್ತದೆ. ಈಗಲೇ ಯೂನಿಕೋಡಿಗೆ (ಕನ್ನಡ ಅಕ್ಷರಕ್ಕೇ ಸ್ವಂತ ಸಂಕೇತವಿರುವ ಪದ್ಧತಿ) ಪರಿವರ್ತಿಸಿ, ಆಮೇಲೆ ಕಣ್ಣಿಟ್ಟು ನೋಡಬೇಕಾದ್ದು ಇಷ್ಟು. ಅರ್ಕಾವೊತ್ತು: ನುಡಿಯಲ್ಲಿ ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ಮೊದಲು, ಹಾಗಾಗಿ ಕೆಲವೊಮ್ಮೆ ಪಕ್ಕದ ಅಕ್ಷರಕ್ಕೆ ಹಾರುತ್ತದೆ. ಅನುಸ್ವಾರ: ಅದರ ಜಾಗದಲ್ಲಿ ಕನ್ನಡದ ಅಂಕಿ ಸೊನ್ನೆ ಕೂತಿರುತ್ತದೆ, ಕಣ್ಣಿಗೆ ಬೇರೆ ಕಾಣುವುದೇ ಇಲ್ಲ, ‘೦’ ಎಂದು ಹುಡುಕಿ ಬದಲಿಸಿ. ನಿಮ್ಮ ‘ಐನ್‌ಮನೆ’ ಎಂಬ ಪದದಲ್ಲೇ ನ್ ಆದ ಮೇಲೆ ಒಂದು ಅದೃಶ್ಯ ಅಕ್ಷರ ಬೇಕು. ಪರಿವರ್ತನೆಯಲ್ಲಿ ಅದು ಬಿದ್ದುಹೋದರೆ ‘ಐನ್ಮನೆ’ ಆಗುತ್ತದೆ, ಅದೂ ಕಾದಂಬರಿ ಪೂರ್ತಿ.

ಪುಟ ಕಟ್ಟುವುದು ಇನ್‌ಡಿಸೈನ್ ತಂತ್ರಾಂಶದಲ್ಲಾದರೆ ವರ್ಲ್ಡ್-ರೆಡಿ ಕಂಪೋಸರ್ ಎಂಬ ಆಯ್ಕೆ ಆರಿಸಿ, ಇಲ್ಲವಾದರೆ ಒತ್ತುಗಳು ಬಿಡಿಬಿಡಿ ನಿಲ್ಲುತ್ತವೆ. 11.5 ಪಾಯಿಂಟಿಗೆ ಸಾಲಿನ ಅಂತರ 17 ಕೊಡಿ. 14 ಕೊಟ್ಟರೆ ‘ರಾಷ್ಟ್ರ’ದ ಎರಡನೇ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಫಾಂಟಿಗೆ ನೋಟೋ ಸೆರಿಫ್ ಕನ್ನಡ ಸಾಕು, ಮುಕ್ತ ಪರವಾನಗಿಯದ್ದು. ಆ ಫಾಂಟ್ ಫೈಲನ್ನೂ ಸ್ಟೈಲ್ ಫೈಲನ್ನೂ ತೆಗೆದಿಡಿ, ಕೊನೆಯ ಸಂಪುಟಕ್ಕೂ ಅದೇ ಬೇಕು.

ಏಲಕ್ಕಿಮಲೆ (ಸೋಮವಾರಪೇಟೆ):
ಐಎಸ್‌ಬಿಎನ್ ಸಂಪುಟಕ್ಕೊಂದು. ಇ-ಪುಸ್ತಕಕ್ಕೆ ಬೇರೆ. ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಐಎಸ್‌ಬಿಎನ್ ಏಜೆನ್ಸಿ ಉಚಿತವಾಗಿ ಕೊಡುತ್ತದೆ, ಲೇಖಕರೇ ಆನ್‌ಲೈನಿನಲ್ಲಿ ಅರ್ಜಿ ಹಾಕಬಹುದು. ನಡುವಿನವರಿಗೆ ದುಡ್ಡು ಕೊಡಬೇಡಿ. ಬಾರ್‌ಕೋಡ್ ಹಿಂಬದಿಯಲ್ಲಿ ಬರಬೇಕಾದ್ದರಿಂದ ರಕ್ಷಾಪುಟಕ್ಕೆ ಮೊದಲೇ ತೆಗೆದುಕೊಳ್ಳಿ. ಇನ್ನೊಬ್ಬ ಪ್ರಕಾಶಕರ ಸಂಖ್ಯೆ ಬಳಸಿದರೆ ದಾಖಲೆಯಲ್ಲಿ ಪ್ರಕಾಶಕರು ಅವರೇ. 1954ರ ಪುಸ್ತಕ ಪೂರೈಕೆ ಕಾಯ್ದೆಯಂತೆ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದೆಹಲಿಯ ನಿಗದಿತ ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಸ್ವಂತ ಖರ್ಚಿನಲ್ಲಿ ಹೋಗಬೇಕು.

‘ಪಟ್ಟೋಲೆ ಪಳಮೆ’ ಅಚ್ಚಾದದ್ದು 1924ರಲ್ಲಿ, ಸಂಗ್ರಹಿಸಿದ ನಡಿಕೇರಿಯಂಡ ಚಿಣ್ಣಪ್ಪ ತೀರಿಕೊಂಡದ್ದು 1931ರಲ್ಲಿ. ಲೇಖಕರು ತೀರಿಕೊಂಡು 60 ವರ್ಷವಾದರೆ ಹಕ್ಕು ಮುಗಿಯುತ್ತದೆ, ಮೂಲದ ಸಾಲು ಧಾರಾಳ ಬಳಸಿ. 2003ರ ಇಂಗ್ಲಿಷ್ ಅನುವಾದಕ್ಕೆ ಹಕ್ಕು ಇದೆ, ಅದರಿಂದ ಎತ್ತಬೇಡಿ.

ಹಕ್ಕಿಗಿಂತ ದೊಡ್ಡ ತಲೆನೋವು ಹೆಸರು. ಪಾತ್ರಗಳಿಗೆ ‘-ಅಂಡ’, ‘-ಇರ’ ಎಂದು ಮುಗಿಯುವ ಮನೆಹೆಸರು ಇಟ್ಟರೆ ಅದೊಂದು ನಿಜವಾದ ಒಕ್ಕವೇ (ಕೊಡವ ಕುಲವೇ) ಆಗಿರುವ ಸಂಭವ ಹೆಚ್ಚು. ಖಳನಾಯಕನಿಗೆ ಅದು ಬಿದ್ದಿದ್ದರೆ ಆ ಒಕ್ಕದವರು ಸುಮ್ಮನಿರುವುದಿಲ್ಲ. ಬೇರೆ ಪ್ರತ್ಯಯವನ್ನೇ ಹುಟ್ಟಿಸಿಕೊಳ್ಳಿ.

ಬಾಣೆ (ನಾಪೋಕ್ಲು):
ಒಡೆಯುವುದಾದರೆ 70,000ಕ್ಕೆ ಸರಿಯಾಗಿ ಕತ್ತರಿಸಲಾ? ಎರಡನೆಯದು ಮುಗಿಯುವವರೆಗೆ ಕಾಯಲೇಬೇಕಾ?

ಏಲಕ್ಕಿಮಲೆ (ಸೋಮವಾರಪೇಟೆ):
ಪದ ಎಣಿಸಿ ಕತ್ತರಿಸಬೇಡಿ. ಓದುಗ ಮೊದಲ ಅಧ್ಯಾಯದಿಂದ ಹಿಡಿದುಕೊಂಡು ಬಂದ ಒಂದು ಪ್ರಶ್ನೆಗೆ ಉತ್ತರ ಸಿಗುವ ಕಡೆ ನಿಲ್ಲಿಸಿ, 60,000ಕ್ಕಾದರೂ ಪರವಾಗಿಲ್ಲ. ಎರಡನೆಯದರ ಕರಡಾದರೂ ಮುಗಿಸಿ, ಏಕೆಂದರೆ ನಿಮ್ಮ ಕಲ್ಪಿತ ನಾಡಿನ ನಿಯಮವನ್ನು ಅಚ್ಚಾದ ಮೇಲೆ ತಿದ್ದುವ ಹಾಗಿಲ್ಲ. ಒಂದು ಮಂತ್ರಕ್ಕೆ ಒಂದು ನೆನಪು ಅಳಿಯುತ್ತದೆ ಎಂದು ಬರೆದಿದ್ದರೆ, ನಾಯಕ ಒಂಬತ್ತು ಮಂತ್ರ ಹಾಕುವ ಹೊತ್ತಿಗೆ ಅಳಿದ ಒಂಬತ್ತು ನೆನಪು ಯಾವುವೆಂದು ಓದುಗರು ಎಣಿಸುತ್ತಾರೆ. ಒಂದು ಲೆಕ್ಕದ ಪುಸ್ತಕ ಇಡಿ: ಹೆಸರು, ವಯಸ್ಸು, ಯಾವ ತಿಂಗಳು, ಊರಿಂದೂರಿಗೆ ಎಷ್ಟು ದಿನದ ನಡಿಗೆ, ಅದು ಬಂದ ಪುಟ. ಮಳೆ ತಿಂಗಳ ನಡಿಗೆಗೆ ಬೇರೆ ಕಲಂ. ಬೇಸಗೆಯಲ್ಲಿ ಒಂದು ದಿನದ ಹಾದಿ ಕರ್ಕಾಟಕದ ಮಳೆಯಲ್ಲೂ ಒಂದೇ ದಿನವಾದರೆ ನಮ್ಮ ಕಡೆಯವರು ಪುಸ್ತಕ ಮುಚ್ಚಿಡುತ್ತಾರೆ.

ಫಾರಂ16 (ಮಡಿಕೇರಿ):
ಬೆನ್ನಿನ ಮೇಲೆ ‘ಮೂರು ಸಂಪುಟಗಳಲ್ಲಿ 1’ ಎಂದು ಹಾಕಿಸಬೇಡಿ. ಒಡೆದ ಮೇಲೆ ಐದೋ ಆರೋ ಆಗುತ್ತದೆ. ಬರೀ ‘1’ ಸಾಕು, ಬುಡದಿಂದ 20 ಮಿ.ಮೀ. ಮೇಲೆ, ಮುಂದಿನವಕ್ಕೂ ಅಲ್ಲೇ.