ಸುಮಾ, ಆಡಿದ್ದಕ್ಕೆ ದುಡ್ಡು ಕೊಡಬೇಡ

ಸುಮಾ, ನಿನ್ನ ಮೆಸೇಜು ಓದಿಸಿಕೊಂಡೆ ಕಣೇ. ಸ್ಕೂಲಿಂದ ಬಂದ್ಮೇಲೆ ನಿಮ್ಮ ಪುಟ್ಟ ಸೋಫಾ ಬಿಟ್ಟು ಏಳಲ್ಲ, ಕೆಳಗಿಳಿದು ಆಡಿದ ದಿನಕ್ಕೆ 20 ರೂಪಾಯಿ ಅಂತ ಇಟ್ರೆ ಹೇಗೆ ಅಂತ ಕೇಳಿದ್ದೀಯ. ಅದೊಂದು ಮಾಡಬೇಡ.

ಮೂಲೆಮನೆ ಹುಡುಗನ್ನ ನೀವೆಲ್ಲ ನೋಡಿದ್ದೀರಿ, ಯಾರ ಮೊಮ್ಮಗ ಅಂತ ಬೇರೆ ಹೇಳಬೇಕಾಗಿಲ್ಲ. ಸಂಜೆ ಆದ್ರೆ ಸೈಕಲ್ಲು, ಕುಂಟೆಬಿಲ್ಲೆ, ಏನೋ ಒಂದು ನಡೀತಿತ್ತು. ಅವರಪ್ಪ ಪಾರ್ಕು ಒಂದು ಸುತ್ತಿಗೆ 5 ರೂಪಾಯಿ ಅಂತ ಶುರು ಹಚ್ಚಿದ. ಒಂದು ವಾರ ಚೆನ್ನಾಗೇ ಓಡ್ದ. ಆಮೇಲೆ ಅಡ್ಡದಾರಿ ಹಿಡಿಯೋದು, ಅರ್ಧ ಸುತ್ತನ್ನ ಒಂದು ಅನ್ನೋದು. 10 ಕೊಡು ಅಂದ, ಕೊಟ್ರು. ದುಡ್ಡು ನಿಲ್ಲಿಸಿದ್ರು, ಓಟಾನೂ ನಿಂತ್ಹೋಯ್ತು. ಈಗ ಸೈಕಲ್ ಹತ್ತು ಅಂದ್ರೂ ‘ಎಷ್ಟು ಕೊಡ್ತೀಯ’ ಅಂತಾನೆ. ಇಷ್ಟಪಟ್ಟು ಮಾಡೋದಕ್ಕೆ ಮೊದಲೇ ಬಹುಮಾನ ಹೇಳಿಬಿಟ್ರೆ ಅದು ಮಗುವಿಗೆ ಕೂಲಿ ಆಗುತ್ತೆ. ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿಯ ನರ್ಸರಿ ಮಕ್ಕಳ ಮೇಲೆ 1973ರಲ್ಲೇ ಅಧ್ಯಯನ ಬಂದಿದೆ. ಚಿತ್ರ ಬರೆದ್ರೆ ಸರ್ಟಿಫಿಕೇಟು ಅಂತ ಮೊದಲೇ ಕೇಳಿಸಿಕೊಂಡ ಮಕ್ಕಳು ಆಮೇಲೆ ತಾವಾಗಿ ಬರೆದದ್ದು ಕಮ್ಮಿ. ಮೊದಲೇ ಹೇಳದೆ ಕೊನೇಲಿ ಸರ್ಟಿಫಿಕೇಟು ಸಿಕ್ಕ ಮಕ್ಕಳಿಗೆ ಹಾಗಾಗಲಿಲ್ಲ. ಅದಕ್ಕೇ ಮತ್ತೆ ಹೇಳ್ತೀನಿ, ಆಡಿದ್ದಕ್ಕೆ ದುಡ್ಡು ಬೇಡ. ಹೆಜ್ಜೆ ಎಣಿಸೋ ವಾಚಿಗೆ ಗಿಫ್ಟು ಕಟ್ಟೋದೂ ಅದೇ ಜಾತಿ.

ಅಲ್ಲ, ಬರೀ ಮಕ್ಕಳನ್ನ ಅಂದು ಏನು ಬಂತು? ಪಾರ್ಕಲ್ಲಿ ‘ಬಾಲ್ ಆಡಬಾರದು’ ಬೋರ್ಡು. ಸ್ಕೂಲು ಬಿಡೋ ಹೊತ್ತಿಗೆ ಗೇಟಿಗೆ ಬೀಗ. ನಮ್ಮಂಥ ಮುದುಕರ ವಾಕಿಂಗಿಗೆ ಹೊಸ ಕಲ್ಲುಹಾಸು, ಮಕ್ಕಳಿಗೆ ಮುರಿದ ಜಾರುಬಂಡೆ. ಮೀಟಿಂಗಲ್ಲಿ ಕೇಳಿದ್ರೆ ಕಾರಿನ ಗಾಜು ಒಡೀತಾರೆ ಅಂತಾರೆ. ಗಾಜು ಹಾಕಿಸಬಹುದು ಸ್ವಾಮಿ!

ಅಯ್ಯೋ, ನೀನು ಕೇಳಿದ್ದು ಏನು ಮಾಡಲಿ ಅಂತ, ಅದೇ ಉಳೀತು. ಆ ವಯಸ್ಸಿಗೆ ಆಟಕ್ಕಿಂತ ಗೆಳೆಯರು ಮುಖ್ಯ. ಮೊದಲು ಮೇಲಿನ ಮನೆಯವರ ಹತ್ರ ಮಾತಾಡಿ ಹೊತ್ತು ಗೊತ್ತು ಮಾಡ್ಕೊ, ದಿನಾ ಐದೂವರೆ ಅಂತಿಟ್ಕೊ. ನಾಲ್ಕು ಮಕ್ಕಳಾದ್ರೆ ಲಗೋರಿಗೆ ಸಾಕು. ಹಂಚಿನ ಚೂರು 7 ಬೇಕು, ಅಂಚು ಉಜ್ಜಿ ಮೊಂಡ ಮಾಡು, ದೊಡ್ಡದು ಕೆಳಗೆ. ಪುಟ್ಟನಂಥೋರಿಗೆ ಮೊದಮೊದಲು 5 ಸಾಕು, ಎಸೆಯೋ ಗೆರೆ ಅವನ 10 ಹೆಜ್ಜೆಗೆ. ಏಳೂ ಇಟ್ಟು ದೂರ ನಿಲ್ಲಿಸಿದ್ರೆ ಒಂದೂ ಬೀಳಲ್ಲ, ಬೇಜಾರಾಗಿ ಮೇಲೆ ಬರ್ತಾನೆ. ಬಾಲು ಹಳೇ ಟೆನಿಸ್ ಬಾಲೇ ಆಗಲಿ, ಬೆನ್ನಿಗೆ ಬೀಳೋದಲ್ವಾ. ಬಾಲು ತಗುಲಿದೋನನ್ನ ಔಟ್ ಅಂತ ಕೂರಿಸಬಾರದು. ಓಡೋಕೆ ಬರದೋನೇ ಮೊದಲು ಔಟಾಗೋದು, ಅವನೇ ಜಾಸ್ತಿ ಹೊತ್ತು ಕೂರೋದು, ನಾಳೆ ಅವನೇ ಬರದೆ ಇರೋದು. ಗೇಟು ಮುಟ್ಟಿ ಬಂದು ಮತ್ತೆ ಸೇರಿಕೊಳ್ಳಲಿ. ಟೀಮು ಅವರೇ ಮಾಡ್ಕೊಳ್ಳಲಿ, ಜಗಳಾನೂ ಅವರೇ ಬಿಡಿಸ್ಕೊಳ್ಳಲಿ. ಮೊದಲ ವಾರ ನೀನೂ ಇಳಿದು ಆಡು, ನಿಂತ್ಕೊಂಡು ಕೂಗಿ ಹೇಳಿಕೊಡಬೇಡ.

5ರಿಂದ 17 ವಯಸ್ಸಿನೋರಿಗೆ ದಿನಕ್ಕೆ ಸರಾಸರಿ 60 ನಿಮಿಷನಾದ್ರೂ ಮೈ ದಣಿಯೋ ಓಡಾಟ ಬೇಕು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಒಂದೇ ಏಟಿಗೆ ಆಗಬೇಕಿಲ್ಲ, ಸ್ಕೂಲಿಗೆ ಬಿರಬಿರನೆ ನಡೆದದ್ದೂ ಸೇರುತ್ತೆ. ಹಂಚಿನ ಚೂರು ನಮ್ಮ ಹಿತ್ತಲಲ್ಲಿ ಬೇಕಾದಷ್ಟಿದೆ, ಭಾನುವಾರ ಬಂದಾಗ ಚೀಲ ತಾ.